ಅಟ್ಟದ ಮೇಲಿನ ಹಾರ್ನೆಟ್ ಮತ್ತೆ ಓಡಬೇಕಾದರೆ

ಮೊದಲು ಸ್ಕ್ರೂ ಡ್ರೈವರ್ ವಿಷಯ ಹೇಳಿಬಿಡುತ್ತೇನೆ. ನಾನು ಎಡವಿದ್ದು ಅಲ್ಲೇ. ಅಟ್ಟದಿಂದ ಇಳಿಸಿದ ಹಳೆ ರಿಮೋಟ್ ಕಾರನ್ನು ಊಟದ ಮೇಜಿನ ಮೇಲಿಟ್ಟು, ಮನೆಯಲ್ಲಿದ್ದ ಸ್ಟಾರ್ ಸ್ಕ್ರೂ ಡ್ರೈವರ್ ಹಿಡಿದು ಕೂತೆ. ಎರಡನೇ ಸ್ಕ್ರೂಗೇ ತಲೆ ಸವೆದು ಗುಂಡಗಾಯಿತು. ಜಪಾನಿನ ಸ್ಕ್ರೂ ನೋಡಲು ನಮ್ಮ ಸ್ಟಾರ್ ಸ್ಕ್ರೂ ತರಹವೇ ಇರುತ್ತದೆ. ಆದರೆ ಅದರ ತಲೆ ಜೆಐಎಸ್ ಅಳತೆಯದು, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ್ದು. ನಮ್ಮ ಫಿಲಿಪ್ಸ್ (ಸ್ಟಾರ್) ಡ್ರೈವರ್‌ನ ಮೂತಿ ಅದರೊಳಗೆ ಪೂರ್ತಿ ಕೂರುವುದಿಲ್ಲ. ಬಲ ಹಾಕಿದಷ್ಟೂ ಜಾರಿ ಮೇಲೆ ಬರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಒಂದು ಒಳ್ಳೆ ಜೆಐಎಸ್ ಡ್ರೈವರ್ ತಂದುಕೊಳ್ಳಿ. ಅಪರೂಪದ ಬಿಡಿಭಾಗಗಳ ಹುಡುಕಾಟ ಆಮೇಲೆ.

ನನ್ನ ಕೈಗೆ ಸಿಕ್ಕಿದ್ದು ಟಮಿಯಾ ಹಾರ್ನೆಟ್. ಚಿಕ್ಕಪ್ಪ ಗಲ್ಫ್‌ನಲ್ಲಿದ್ದಾಗ ಕೊಂಡಿದ್ದು. ಟಮಿಯಾ ಜಪಾನಿನ ಶಿಜುವೊಕಾ ಊರಿನ ಕಂಪನಿ. 1976ರಲ್ಲಿ ಪೋರ್ಷೆ 934 ಮಾದರಿಯೊಂದಿಗೆ ರಿಮೋಟ್ ಕಾರಿನ ಲೋಕಕ್ಕೆ ಬಂತು. ಹಾರ್ನೆಟ್ ಬಂದಿದ್ದು 1984ರಲ್ಲಿ. ಹತ್ತನೇ ಒಂದರ ಅಳತೆಯ, ಹಿಂದಿನ ಚಕ್ರಗಳಿಂದ ಓಡುವ ಬಗ್ಗಿ (ಮಣ್ಣು, ಕಲ್ಲಿನ ನೆಲದ ಗಾಡಿ). ಅದೇ ವರ್ಷ ಬಂದ ಗ್ರಾಸ್‌ಹಾಪರ್ ಇದರ ಅಣ್ಣ. ಅಣ್ಣನಿಗೆ ಚಿಕ್ಕ 380 ಮೋಟಾರ್, ತಮ್ಮನಿಗೆ ದೊಡ್ಡ 540. ಇವು ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು, ಕೊಂಡವರೇ ಜೋಡಿಸಿಕೊಳ್ಳಬೇಕಿತ್ತು. ಅದೇ ಇದರ ಚೆಂದ. ಜೋಡಿಸಿದ್ದನ್ನು ಬಿಚ್ಚಲೂ ಬರುತ್ತದೆ.

ಓಡಿಸುತ್ತೀರಾ, ನೋಡುತ್ತೀರಾ?

ಇದನ್ನು ಮೊದಲೇ ತೀರ್ಮಾನ ಮಾಡಿ. ಶೋಕೇಸಿಗೆ ಇಡುವುದಾದರೆ ಪ್ರತಿ ಭಾಗವೂ 1984ರದ್ದೇ ಬೇಕು ಎಂಬ ಹಟಕ್ಕೆ ಅರ್ಥವಿದೆ. ಓಡಿಸುವುದಾದರೆ ಆ ಹಟ ಬಿಡಿ. ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ಕಣ್ಣಿಗೆ ಬೀಳುವ ಜಾಗಕ್ಕೆ ಹಳೆಯದು, ಪೆಟ್ಟು ತಿನ್ನುವ ಜಾಗಕ್ಕೆ ಹೊಸದು. ಟಮಿಯಾ 2004ರಲ್ಲಿ ಹಾರ್ನೆಟ್ಟನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಆ ಹೊಸ ಕಿಟ್‌ನ ಭಾಗಗಳು ಬಹುಪಾಲು ಹಳೆ ಗಾಡಿಗೂ ಕೂರುತ್ತವೆ. ಹಳೆ ಕಿಟ್‌ನ ನಂಬರ್ 58045, ಹೊಸದರದ್ದು 58336. ಹುಡುಕುವಾಗ ಹೆಸರಿಗಿಂತ ಈ ನಂಬರ್ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಬಿಚ್ಚುವುದು, ತೊಳೆಯುವುದು

ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕುತ್ತಾ ಹೋಗಿ, ಒಂದು ಗುಳಿಗೆ ಒಂದು ಜಾಗದ್ದು. (ಆಮೇಲೆ ತಟ್ಟೆಯನ್ನು ಚೆನ್ನಾಗಿ ತೊಳೆದಿಡಿ. ಇದು ಅನುಭವದ ಮಾತು.) ಹಳೆ ಬ್ಯಾಟರಿ ಒಳಗೇ ಉಳಿದಿದ್ದರೆ ಅದನ್ನು ಚಾರ್ಜ್ ಮಾಡಿ ನೋಡುವ ಆಸೆ ಬೇಡ. ಆ ಕಾಲದ ಸೆಲ್‌ಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷದ ಲೋಹ ಇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ಲಾಸ್ಟಿಕ್ ತೊಳೆಯಲು ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರು, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ. ಬಾಡಿ ಪಾಲಿಕಾರ್ಬನೇಟ್‌ನದು, ಅದು ಬಿರುಕು ಬಿಡುತ್ತದೆ.

ನೈಲಾನ್ ಭಾಗಗಳದ್ದು ಬೇರೆಯೇ ಕಥೆ. ವರ್ಷಗಟ್ಟಲೆ ಒಣಗಿದ ನೈಲಾನ್ ಹಪ್ಪಳದಂತೆ ಮುರಿಯುತ್ತದೆ. ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಒಂದಿಷ್ಟು ನೀರು ಹೀರಿಕೊಂಡು ಮತ್ತೆ ಬಗ್ಗುವ ಗುಣ ಬರುತ್ತದೆ. ಆದರೆ ಹಾರ್ನೆಟ್‌ನ ದೋಣಿಯಂಥ ದೊಡ್ಡ ಚಾಸಿ ಎಬಿಎಸ್ ಪ್ಲಾಸ್ಟಿಕ್. ಅದನ್ನು ಕುದಿಸಿದರೆ ಸೊಟ್ಟಗಾಗುತ್ತದೆ. ಯಾವುದು ಯಾವ ಪ್ಲಾಸ್ಟಿಕ್ ಎಂದು ಗೊತ್ತಾಗದಿದ್ದರೆ ಸುಮ್ನೆ ಸೋಪಿನಲ್ಲಿ ತೊಳೆದು ಬಿಡಿ.

ಅಪರೂಪದ ಭಾಗಗಳ ಬೇಟೆ

ಜೇಬು ಖಾಲಿಯಾಗುವುದು ಇಲ್ಲೇ. 80ರ ದಶಕದಲ್ಲಿ ಟಮಿಯಾ ಗಾಡಿಗಳಿಗೆಂದೇ ಥಾರ್ಪ್, ಎಂಐಪಿ, ಸಿಆರ್‌ಪಿ ಮುಂತಾದ ಅಮೆರಿಕದ ಸಣ್ಣ ಕಂಪನಿಗಳು ಗಟ್ಟಿ ಬಿಡಿಭಾಗಗಳನ್ನು ಮಾಡುತ್ತಿದ್ದವು. ಟಮಿಯಾದ್ದೇ ಟೆಕ್ನಿಗೋಲ್ಡ್ ಎಂಬ ಚಿನ್ನದ ಬಣ್ಣದ ಮೋಟಾರ್ ಕೂಡ ಇತ್ತು. ಇವತ್ತು ಇವೆಲ್ಲ ಹವ್ಯಾಸಿಗಳ ನಡುವೆ ಕೈ ಬದಲಾಗುತ್ತವೆ. ಕೊಳ್ಳುವ ಮುಂಚೆ ಗಾಡಿಯ ಮ್ಯಾನುಯಲ್ ಇಳಿಸಿಕೊಂಡು, ಬೇಕಾದ ಭಾಗ ಯಾವ ಅಕ್ಷರದ ಫ್ರೇಮಿನಲ್ಲಿ (ಭಾಗಗಳು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ) ಬರುತ್ತದೆ, ಅದರ ನಂಬರ್ ಏನು ಎಂದು ಬರೆದಿಟ್ಟುಕೊಳ್ಳಿ. ಮಾರುವವರ ಹತ್ತಿರ ನಾಲ್ಕು ಕಡೆಯಿಂದ ಫೋಟೊ ಕೇಳಿ. ಸ್ಕ್ರೂ ತೂತುಗಳ ಸುತ್ತ ಬಿಳಿ ಗೆರೆ ಕಂಡರೆ ಅಲ್ಲಿ ಪ್ಲಾಸ್ಟಿಕ್ ದಣಿದಿದೆ ಎಂದರ್ಥ, ಬಿಟ್ಟುಬಿಡಿ. ವಿದೇಶದಿಂದ ತರಿಸುವುದಾದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿಸಿ ಬೆಲೆ ಕಟ್ಟಿ.

ನಾನು ಮೋಸ ಹೋದದ್ದು ಸ್ಟಿಕ್ಕರಿನಲ್ಲಿ. ‘ಅಪ್ಪಟ 1984ರದ್ದು’ ಎಂದು ಹೇಳಿ ಒಬ್ಬರು ಮಾರಿದರು. ಬಂದ ಹಾಳೆಗೆ ಭೂತಗನ್ನಡಿ ಹಿಡಿದರೆ ಕೆಂಪು ಬಣ್ಣ ಚುಕ್ಕಿ ಚುಕ್ಕಿಯಾಗಿತ್ತು. ಮನೆಯ ಪ್ರಿಂಟರಿನ ಕೆಲಸ. ಚಿಕ್ಕಪ್ಪನ ಗಾಡಿಯ ಮೇಲಿದ್ದ ಹಳೆ ತುಣುಕಿನಲ್ಲಿ ಅದೇ ಕೆಂಪು ಒಂದೇ ಸಮ ಹರಡಿತ್ತು. ಎರಡು ದಿನ ಕೋಪ ಇತ್ತು. ಆಮೇಲೆ ಅನಿಸಿತು, ನಲವತ್ತು ವರ್ಷದ ಅಸಲಿ ಸ್ಟಿಕ್ಕರ್ ಸಿಕ್ಕಿದ್ದರೂ ಅಂಟು ಒಣಗಿ ಪುಡಿಯಾಗುತ್ತಿತ್ತು, ಅಲ್ವಾ? ಓಡುವ ಗಾಡಿಗೆ ನಕಲೇ ವಾಸಿ. ಅಸಲಿ ಎಂದು ಹೇಳಿ ಅದರ ಬೆಲೆ ತೆಗೆದುಕೊಂಡಿದ್ದಷ್ಟೇ ತಪ್ಪು.

ಗೇರ್‌ಬಾಕ್ಸ್

ಒಳಗಿನ ಹಳೆ ಗ್ರೀಸ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ. ಕಡ್ಡಿಯಿಂದ ಕೆರೆದು ತೆಗೆಯಿರಿ. ಲೋಹದ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಅಚ್ಚು ತಿರುಗಲು ಕಿಟ್ ಜೊತೆ ಬಂದ ಉಂಗುರಗಳನ್ನು, ಅಂದರೆ ಬುಷ್‌ಗಳನ್ನು ಎಸೆದು ಬಾಲ್ ಬೇರಿಂಗ್ ಹಾಕಿ. ಟಮಿಯಾ ಗಾಡಿಗಳಲ್ಲಿ ಜಾಸ್ತಿ ಬಳಕೆಯಾಗುವುದು 1150 ಎಂದು ಕರೆಯುವ ಅಳತೆ: ಹೊರಗೆ 11 ಮಿ.ಮೀ., ಒಳಗೆ 5, ದಪ್ಪ 4. ಆದರೂ ನಿಮ್ಮ ಬುಷ್‌ಗಳನ್ನು ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಿ. ಇದಕ್ಕೆ ಜಪಾನಿನ ಪ್ಯಾಕೆಟ್ ಬೇಕಿಲ್ಲ, ಅಳತೆ ಹೇಳಿದರೆ ಬೇರಿಂಗ್ ಅಂಗಡಿಯವರೇ ಕೊಡುತ್ತಾರೆ.

ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್‌ನ ಗೇರುಗಳಿಗೆ ಮಾತ್ರ ದಪ್ಪ, ಅಂಟಂಟಾದ ಗ್ರೀಸ್ ತುಂಬಿ. ತಿರುವಿನಲ್ಲಿ ಒಳಗಿನ ಚಕ್ರ ಸುಮ್ನೆ ಗಿರಗಿರ ತಿರುಗುವುದು ಕಡಿಮೆಯಾಗುತ್ತದೆ. ಹಾರ್ನೆಟ್ ಹಿಂದುಗಡೆ ಕುಣಿಯುವ ಚಟ ಇದರಿಂದ ಹೋಗುವುದಿಲ್ಲ. ಗೇರ್‌ಬಾಕ್ಸ್ ಸಮೇತ ಇಡೀ ಹಿಂಭಾಗವೇ ಮೇಲೆ ಕೆಳಗೆ ಆಡುವ ಗಾಡಿ ಇದು. ಕುಣಿಯದಿದ್ದರೆ ಹಾರ್ನೆಟ್ ಹೇಗಾದೀತು!

ಈಗ ಕೈಗುಣದ ಮಾತು. ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂ ತಾನೇ ಮರೆ (ಥ್ರೆಡ್) ಕೊರೆದುಕೊಂಡು ಹೋಗುತ್ತದೆ. ಮತ್ತೆ ಹಾಕುವಾಗ ಅದೇ ಹಳೆ ಮರೆಯಲ್ಲೇ ಕೂರಬೇಕು, ಹೊಸದು ಕೊರೆದರೆ ತೂತು ಸಡಿಲವಾಗುತ್ತದೆ. ಸ್ಕ್ರೂ ತೂತಿನ ಮೇಲಿಟ್ಟು ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಟಕ್ ಎಂದು ಕೆಳಗೆ ಬೀಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಬೆಣ್ಣೆಯ ಹಾಗೆ ಹೋಗುತ್ತದೆ. ತಲೆ ಪ್ಲಾಸ್ಟಿಕ್ಕಿಗೆ ತಾಗಿದ ಕೂಡಲೇ ನಿಲ್ಲಿಸಿ.

ವಿದ್ಯುತ್ ಕೆಲಸ

ಹಳೆ ಹಾರ್ನೆಟ್‌ನಲ್ಲಿ ವೇಗ ಹೆಚ್ಚು ಕಡಿಮೆ ಮಾಡಲು ಯಾಂತ್ರಿಕ ಸ್ಪೀಡ್ ಕಂಟ್ರೋಲರ್ ಇತ್ತು. ಸರ್ವೋ ಎಂಬ, ರಿಮೋಟ್ ಹೇಳಿದಷ್ಟೇ ತಿರುಗುವ ಪುಟ್ಟ ಮೋಟಾರ್ ಪೆಟ್ಟಿಗೆ ಲೋಹದ ಕೈಯನ್ನು ಸಂಪರ್ಕಗಳ ಮೇಲೆ ಸರಿಸುತ್ತದೆ, ನಡುವೆ ಇರುವ ರೆಸಿಸ್ಟರ್ ಕಾವಲಿಯಂತೆ ಕಾಯುತ್ತದೆ. ನಾನು ಅದನ್ನು ಜಾಗದಲ್ಲೇ ಬಿಟ್ಟೆ, ಅಲಂಕಾರಕ್ಕೆ. ಕೆಲಸ ಮಾಡುವುದು ಚಾಸಿಯೊಳಗೆ ಅಡಗಿಸಿದ ಎಲೆಕ್ಟ್ರಾನಿಕ್ ಕಂಟ್ರೋಲರ್, ಅಂದರೆ ಇಎಸ್‌ಸಿ. ಸ್ಟೀರಿಂಗಿಗೆ ಹೊಸ ಸರ್ವೋ ಹಾಕಿ. ಅದರ ಮೇಲೆ ಸರ್ವೋ ಸೇವರ್ ಇರಲೇಬೇಕು. ಚಕ್ರ ಕಲ್ಲಿಗೆ ಬಡಿದಾಗ ಆ ಪೆಟ್ಟನ್ನು ಅದರ ಸ್ಪ್ರಿಂಗ್ ತಿನ್ನುತ್ತದೆ, ಸರ್ವೋದ ಹಲ್ಲು ಉಳಿಯುತ್ತದೆ.

ಬ್ಯಾಟರಿಗೆ 7.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಧಾರಾಳ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕುವುದಾದರೆ ವೋಲ್ಟೇಜ್ ಇಳಿದಾಗ ತಾನೇ ನಿಲ್ಲಿಸುವ ಇಎಸ್‌ಸಿ ಬೇಕು. ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋದರೆ ಹಾಳಾಗುತ್ತದೆ. ಬಿಳಿ ಟಮಿಯಾ ಕನೆಕ್ಟರ್ ಹಳತಾದರೆ ಬಿಸಿಯಾಗಿ ಕರಗುವುದೂ ಉಂಟು. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎಕ್ಸ್‌ಟಿ60 ಎಂಬ ಬೇರೆ ಬಗೆಯ ಕನೆಕ್ಟರ್ ತಂದು ಬೆಸುಗೆ ಹಾಕಿದೆ.

ಹೊಸ ಬ್ರಷ್ ಮೋಟಾರನ್ನು ನೇರ ಓಟಕ್ಕೆ ಇಳಿಸಬೇಡಿ. ಎರಡು ಪೆನ್‌ಸೆಲ್ ಕೊಟ್ಟು ಕೆಲವು ನಿಮಿಷ ಸುಮ್ನೆ ತಿರುಗಲು ಬಿಡಿ. ಒಳಗಿನ ಬ್ರಷ್, ಅಂದರೆ ವಿದ್ಯುತ್ ಮುಟ್ಟಿಸುವ ಇಂಗಾಲದ ತುಂಡು, ಸವೆದು ಚೆನ್ನಾಗಿ ಕೂರುತ್ತದೆ. ಟೆಕ್ನಿಗೋಲ್ಡ್ ಸಿಕ್ಕಿದರೆ? ನನ್ನ ಮಾತು ಕೇಳಿ, ಅದನ್ನು ಕಪಾಟಿನಲ್ಲಿಟ್ಟು ಸಾಧಾರಣ ಬೆಳ್ಳಿ ಬಣ್ಣದ 540 ಹಾಕಿ.

ರೇಡಿಯೊ 2.4 ಗಿಗಾಹರ್ಟ್ಸ್‌ನದು ಇರಲಿ. ಹಳೆ 27 ಮೆಗಾಹರ್ಟ್ಸ್ ಸೆಟ್ಟಿನಲ್ಲಿ ಕ್ರಿಸ್ಟಲ್ ಬದಲಿಸುವ, ಪಕ್ಕದವರ ಸಿಗ್ನಲ್ಲಿಗೆ ಗಾಡಿ ಹುಚ್ಚು ಕಟ್ಟುವ ತಾಪತ್ರಯ ಇದರಲ್ಲಿಲ್ಲ. ಕೈಯಲ್ಲಿರುವ ರಿಮೋಟನ್ನು ಮೊದಲು ಆನ್ ಮಾಡಿ, ಕೊನೆಗೆ ಆಫ್ ಮಾಡಿ. ಈ ನಿಯಮ ಮಾತ್ರ ಅಂದಿಗೂ ಇಂದಿಗೂ ಒಂದೇ.

ಬಾಡಿಗೆ ಬಣ್ಣ

ಅಸಲಿ ಬಾಡಿ ಕತ್ತರಿಸದೆ ಉಳಿದಿದ್ದರೆ ಅದಕ್ಕೆ ಕತ್ತರಿ ತಾಗಿಸಬೇಡಿ. ಓಡಿಸಲು ಹೊಸದೊಂದು ತನ್ನಿ. ಪಾರದರ್ಶಕ ಬಾಡಿಗೆ ಬಣ್ಣ ಹೊಡೆಯುವುದು ಒಳಗಿನಿಂದ, ಪಾಲಿಕಾರ್ಬನೇಟ್‌ಗೆಂದೇ ಬರುವ ಪಿಎಸ್ ಸ್ಪ್ರೇಯಿಂದ. ಎರಡು ಬಣ್ಣ ಇದ್ದರೆ ಕಡು ಬಣ್ಣ ಮೊದಲು. ಒಮ್ಮೆಗೇ ದಪ್ಪ ಹೊಡೆಯದೆ, ಮಂಜು ಬಿದ್ದ ಹಾಗೆ ನಾಲ್ಕೈದು ಸಲ ತೆಳ್ಳಗೆ ಹೊಡೆಯಿರಿ. ಮಳೆ ಹಿಡಿದ ದಿನ ಬೇಡ. ಹೊರಗಿನ ತೆಳು ಹಾಳೆಯನ್ನು ಎಲ್ಲ ಮುಗಿದ ಮೇಲೆ ಸುಲಿಯಿರಿ. ಕಪ್ಪು ಬಾಡಿ ಆಗ ಥಳಥಳ ಹೊಳೆಯುವುದನ್ನು ನೋಡಲು ಮನೆಮಂದಿಯೆಲ್ಲ ಬರುತ್ತಾರೆ. ಸ್ಟಿಕ್ಕರ್ ಅಂಟಿಸುವ ಜಾಗಕ್ಕೆ ಸೋಪಿನ ನೀರು ಚಿಮುಕಿಸಿದರೆ ಅತ್ತಿತ್ತ ಸರಿಸಲು ಸಮಯ ಸಿಗುತ್ತದೆ.

ಮೊದಲ ಓಟ ಐದೇ ನಿಮಿಷ. ನಿಲ್ಲಿಸಿ ಮೋಟಾರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಾಗಿದ್ದರೆ ಎಲ್ಲೋ ಬಿಗಿ ಹಿಡಿದಿದೆ. ಚಕ್ರದ ನಟ್‌ಗಳನ್ನು ಇನ್ನೊಮ್ಮೆ ನೋಡಿ.

ಗಾಡಿ ಸಿದ್ಧವಾದ ಭಾನುವಾರ ಚಿಕ್ಕಪ್ಪನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ರಿಮೋಟ್ ಕೈಗೆ ಕೊಟ್ಟೆ. ಅವರು ಅದರ ನೆತ್ತಿಯ ಮೇಲೆ ಎರಡು ಬೆರಳಿಟ್ಟು ಏನೋ ಎಳೆಯಲು ತಡಕಾಡಿದರು. “ಏನೋ, ಇದರ ಆಂಟೆನಾ ಎಲ್ಲೋ?” ಇದಕ್ಕೆ ಬೇಕಿಲ್ಲ ಚಿಕ್ಕಪ್ಪ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮರುದಿನ ಗಾಡಿಯ ಹಿಂದೆ ಒಂದು ಖಾಲಿ ಆಂಟೆನಾ ಪೈಪ್ ನಿಲ್ಲಿಸಿ, ತುದಿಗೆ ಕೆಂಪು ಟೇಪು ಸುತ್ತಿದೆ.