ಆರೈಕೆ ಮಾಡುವವರ ನಿದ್ದೆಯಿಂದಲೇ ಶುರು

ಬೆನ್ನುಹುರಿಗೆ ಪೆಟ್ಟಾದವರನ್ನು ನೋಡಿಕೊಳ್ಳುವ ಮನೆಯವರ ಜೊತೆ ಆಪ್ತ ಸಮಾಲೋಚನೆಗೆ ಕೂತಾಗ ನಾನು ಮೊದಲು ಕೇಳುವುದು ಇದನ್ನು: ರಾತ್ರಿ ಎಷ್ಟು ಸಲ ಏಳುತ್ತೀರಿ? "ಮನಸ್ಸು ಹೇಗಿದೆ" ಅಂದರೆ "ಹೇಗೋ ನಡೀತಿದೆ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ನಿದ್ದೆಯ ಲೆಕ್ಕ ತೆಗೆದರೆ ಸಿಟ್ಟು, ಅಳು, ಒಂಟಿತನ ಎಲ್ಲ ಅದರ ಬೆನ್ನಿಗೇ ಹೊರಬರುತ್ತವೆ. ಧೈರ್ಯ ಹೇಳುವವರು ಅವರಿಗೆ ಬೇಕಾದಷ್ಟಿರುತ್ತಾರೆ. ನಡುರಾತ್ರಿಯ ಒಂದು ಸರದಿ ವಹಿಸಿಕೊಳ್ಳುವವರು ಇರುವುದಿಲ್ಲ.

ಒಂದು ಹಾಳೆಯಲ್ಲಿ 24 ಗಂಟೆ ಬರೆದು, ಒಂದೊಂದು ಕೆಲಸವನ್ನೂ ಅದರ ವೇಳೆಗೆ ಗುರುತು ಹಾಕುತ್ತೇವೆ. ಒತ್ತಡದ ಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು ಸಾಮಾನ್ಯವಾಗಿ 2 ಗಂಟೆಗೊಮ್ಮೆ, ಕ್ಯಾತಿಟರ್ (ಮೂತ್ರಕೋಶಕ್ಕೆ ಹಾಕುವ ಕೊಳವೆ) ಹಾಕಿ ಮೂತ್ರ ತೆಗೆಯುವುದು 4ರಿಂದ 6 ಗಂಟೆಗೊಮ್ಮೆ. ಎರಡೂ ಬೇರೆ ಬೇರೆ ಹೊತ್ತಿಗೆ ಬಿದ್ದರೆ ರಾತ್ರಿಯೆಲ್ಲ ಚೂರುಚೂರು. ಹಾಗಾಗಿ ಮೊದಲು ಎರಡನ್ನೂ ಒಂದೇ ವೇಳೆಗೆ ತರುತ್ತೇವೆ. ರಾತ್ರಿ 11ಕ್ಕೆ ಮೂತ್ರ ತೆಗೆದು ಮಗ್ಗುಲು ಬದಲಿಸಿದರೆ, ಮುಂದಿನ ಮೂತ್ರ ಬೆಳಿಗ್ಗೆ 5ಕ್ಕೆ. ಮಗ್ಗುಲಿನ ಅಂತರವನ್ನು ನರ್ಸ್ ಒಪ್ಪಿದ ಮೇಲೆ, ಒತ್ತಡ ತಗ್ಗಿಸುವ ಹಾಸಿಗೆ ಇದ್ದರೆ ಮಾತ್ರ, ಅರ್ಧರ್ಧ ಗಂಟೆಯಂತೆ ಹಿಗ್ಗಿಸುತ್ತೇವೆ. ಪ್ರತಿ ಸಲವೂ ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಹೊರಮೂಳೆ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿದಾಗ ಬಿಳುಚದಿದ್ದರೆ ಹಿಂದಿನ ಅಂತರಕ್ಕೆ ಮರಳಬೇಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು, ಅಲ್ಲಿ ಬಿಸಿಯೋ ಗಟ್ಟಿಯೋ ಆಗಿದೆಯಾ ಎಂದು ಮುಟ್ಟಿ ನೋಡಬೇಕು. ಅಂತರ 3 ಗಂಟೆಗೆ ಬಂದರೆ ರಾತ್ರಿಯ ಏಳುವಿಕೆ ನಡುರಾತ್ರಿ 2 ಗಂಟೆಯದೊಂದೇ. ಅದನ್ನು ಬೇರೊಬ್ಬರು ವಹಿಸಿಕೊಂಡರೆ ಇವರಿಗೆ 6 ಗಂಟೆ ನಿದ್ದೆ ಸಿಕ್ಕಿತು.

ಇಲ್ಲಿ ಕೆಡುವುದು ನೀರಿನ ವಿಷಯದಲ್ಲಿ. ರಾತ್ರಿ ಏಳುವುದು ತಪ್ಪಲಿ ಎಂದು ದಿನವಿಡೀ ನೀರು ಕಡಿಮೆ ಮಾಡುತ್ತಾರೆ. ಮಲಬದ್ಧತೆ, ಮೂತ್ರದ ಸೋಂಕು ಬಂದು ಕೆಲಸ ಇಮ್ಮಡಿಯಾಗುತ್ತದೆ. ಒಟ್ಟು ನೀರು ಅಷ್ಟೇ ಇರಲಿ, ಹಗಲಿಗೆ ಸರಿಸಿ, ಮಲಗುವ 2–3 ಗಂಟೆ ಮುಂಚಿನಿಂದ ಇಳಿಸಿ. ವೀಲ್‌ಚೇರಿನಲ್ಲಿ ಕೂತು ಕಾಲಿಗಿಳಿದ ನೀರು ಮಲಗಿದಾಗ ಮೂತ್ರವಾಗಿ ಬರುತ್ತದೆ, ಆದ್ದರಿಂದ ಸಂಜೆ ಸ್ವಲ್ಪ ಹೊತ್ತು ಕಾಲೆತ್ತಿ ಮಲಗಿಸುವುದು ಉಪಯೋಗಕ್ಕೆ ಬರುತ್ತದೆ. ಒಂದು ಸಲಕ್ಕೆ ತೆಗೆಯುವ ಮೂತ್ರ 500 ಮಿಲಿ ಮೀರಬಾರದು.

ಮನೆಬಿಟ್ಟು ಹೊರಡಲಾಗದ ಭಯ ಇನ್ನೊಂದು. ಗಾಯ ಟಿ6 (ಬೆನ್ನುಹುರಿಯ ಎದೆಭಾಗದ ಆರನೆಯ ಮಟ್ಟ) ಅಥವಾ ಅದಕ್ಕಿಂತ ಮೇಲಿದ್ದರೆ ಈ ಭಯಕ್ಕೆ ಕಾರಣವೂ ಇದೆ: ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ಅಂದರೆ ತುಂಬಿದ ಮೂತ್ರಕೋಶದಂಥ ಗಾಯದ ಕೆಳಗಿನ ಕಿರಿಕಿರಿಗೆ ಬಿಪಿ ಒಮ್ಮೆಲೇ ಅಪಾಯದ ಮಟ್ಟಕ್ಕೆ ಏರುವುದು. ಹಠಾತ್ತನೆ ಸಿಡಿಯುವ ತಲೆನೋವು, ಮುಖ ಕೆಂಪಾಗುವುದು, ಗಾಯದ ಮೇಲ್ಭಾಗದಲ್ಲಿ ಬೆವರು, ಏರುವ ಬಿಪಿ. ಆಗ ಏನು ಮಾಡಬೇಕೆಂದು ಕಾರ್ಡಿನಲ್ಲಿ ಬರೆದು ಮಂಚದ ಪಕ್ಕ ಅಂಟಿಸುತ್ತೇವೆ: ಎತ್ತಿ ಕೂರಿಸಿ, ಕಾಲು ಇಳಿಬಿಡಿ, ಬೆಲ್ಟು, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ಕೊಳವೆ ಮಡಚಿದೆಯಾ, ಚೀಲ ತುಂಬಿದೆಯಾ ನೋಡಿ, ಒಳಗೆ ಕ್ಯಾತಿಟರ್ ಇಟ್ಟಿರದಿದ್ದರೆ ಹಾಕಿ ಮೂತ್ರ ತೆಗೆಯಿರಿ, ಕೆಲವು ನಿಮಿಷಕ್ಕೊಮ್ಮೆ ಬಿಪಿ ನೋಡಿ, ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ. ಅವರ ಮಾಮೂಲಿ ಬಿಪಿಯನ್ನೂ ಬರೆದಿರಬೇಕು. ಕುತ್ತಿಗೆಯ ಗಾಯದವರಿಗೆ ಮೇಲಿನ ಬಿಪಿ 90–110 ಸಹಜವಾಗಿರಬಹುದು. ಅಂಥವರಿಗೆ 130 ಬಂದರೆ ಅದು ಏರಿದ ಬಿಪಿಯೇ, ಗೊತ್ತಿಲ್ಲದವರು ನಾರ್ಮಲ್ ಎಂದುಬಿಡುತ್ತಾರೆ.

ಕಾರ್ಡು ಸಿದ್ಧವಾದ ಮೇಲೆ ಎರಡನೆಯವರನ್ನು ತಯಾರು ಮಾಡುವುದು ಸುಲಭ. ಮೊದಲು ನೋಡಲಿ, ಆಮೇಲೆ ಜೊತೆಗೂಡಿ ಮಾಡಲಿ, ನಂತರ ನೀವು ಪಕ್ಕದ ಕೋಣೆಯಲ್ಲಿರುವಾಗ, ಕೊನೆಗೆ ನೀವು ಒಂದು ಗಂಟೆ ಹೊರಗೆ ಹೋದಾಗ. ಬಾಗಿಲಲ್ಲಿ ನಿಂತು ತಿದ್ದುತ್ತಿದ್ದರೆ ಕಲಿಯುವವರು ಎರಡು ದಿನದಲ್ಲಿ ಕೈಬಿಡುತ್ತಾರೆ. ದಿಂಬಿನ ಮಡಿಕೆ ನಿಮ್ಮಂತೆ ಇರದಿದ್ದರೂ ಚರ್ಮ ಸರಿಯಿದ್ದರೆ ಸಾಕು.

ಗಂಡ ಹೆಂಡತಿಯ ನಡುವೆ ಮೊದಲು ಬೇರೆಯವರಿಗೆ ವಹಿಸಬೇಕಾದ್ದು ಮಲ ತೆಗೆಯುವ ಕೆಲಸ, ವಹಿಸಲು ಯಾರಾದರೂ ಸಿಕ್ಕರೆ. ಸಿಗದಿದ್ದರೆ ದಿನವೂ ಒಂದೇ ಹೊತ್ತಿಗೆ, ಊಟವಾದ ಸುಮಾರು ಅರ್ಧ ಗಂಟೆಗೆ ಇಟ್ಟುಕೊಳ್ಳಿ. ಆಗ ಕರುಳು ತಾನಾಗಿ ಚಲಿಸುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಕೈಕಾಲು ಆಡದವರೂ ತಮ್ಮ ಆರೈಕೆ ಹೇಗಾಗಬೇಕೆಂದು ಬಾಯಲ್ಲಿ ಹೇಳಬಲ್ಲರು. ಅವರು ಹೇಳಲಿ, ನೀವು ಮಾಡಿ. ಎಲ್ಲವನ್ನೂ ಊಹಿಸುವ ಭಾರ ಆಗ ಇಳಿಯುತ್ತದೆ.

ಆರೈಕೆ ಮಾಡುವವರನ್ನು ನಾನು ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇನೆ. "ಇದೆಲ್ಲ ಮುಗಿದರೆ ಸಾಕು" ಅನ್ನುವ ಯೋಚನೆ ಎಷ್ಟೋ ಜನರಿಗೆ ಬರುತ್ತದೆ, ಅದನ್ನು ಪಾಪವೆಂದು ಬಚ್ಚಿಟ್ಟುಕೊಳ್ಳುತ್ತಾರೆ. ಅದನ್ನು ಹೇಳಿಕೊಂಡಾಗಲೇ ಎಷ್ಟೋ ಹಗುರ. ಹೊರಳಿಸುವಾಗ ಕೈ ಒರಟಾಗುತ್ತಿದೆ ಅನ್ನಿಸಿದರೆ, ಬೀಳದಂತೆ ಮಲಗಿಸಿ ಹತ್ತು ನಿಮಿಷ ಆಚೆ ಬನ್ನಿ, ಆ ದಿನವೇ ಯಾರಿಗಾದರೂ ಹೇಳಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಮನೆಗೆ ಬಂದ ಹೊಸತರಲ್ಲಿ ಒಮ್ಮೆ, ನೋಡಲು ಬರುವವರು ಕಡಿಮೆಯಾದ ಮೇಲೆ ಮತ್ತೊಮ್ಮೆ ತುಂಬಿಸುತ್ತೇನೆ. 10 ಅಥವಾ ಅದಕ್ಕೂ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬರೆದಿದ್ದರೂ ಒಟ್ಟು ಅಂಕ ನೋಡುತ್ತಾ ಕೂರದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು.