ಕ್ಯಾಮ್‌ಕಾರ್ಡರಿನ ವಿಡಿಯೊ ಫಾರ್ಮ್ಯಾಟ್: ಗುರುತಿಸುವುದು, ಆರಿಸುವುದು, ಕಂಪ್ಯೂಟರಿಗೆ ಇಳಿಸಿಕೊಳ್ಳುವುದು

ಕ್ಯಾಮ್‌ಕಾರ್ಡರಿನ ಫಾರ್ಮ್ಯಾಟ್ ಯಾವುದೆಂಬ ಪ್ರಶ್ನೆ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಎದುರಾಗುತ್ತದೆ. ಹೊಸ ಕ್ಯಾಮೆರಾದ ಮೆನುವಿನಲ್ಲಿ ಸಾಲಾಗಿ ಕಾಣುವ ಅರ್ಥವಾಗದ ಅಕ್ಷರಗಳಲ್ಲಿ ಒಂದನ್ನು ಆರಿಸಬೇಕಾದಾಗ ಒಮ್ಮೆ, ವರ್ಷಗಳ ಹಿಂದೆ ತೆಗೆದ ದೃಶ್ಯಗಳು ಈಗಿನ ಕಂಪ್ಯೂಟರಿನಲ್ಲಿ ತೆರೆಯದೆ ಹೋದಾಗ ಇನ್ನೊಮ್ಮೆ. ಈ ಎರಡಕ್ಕೂ ಅನ್ವಯಿಸುವ ನಿಯಮ ಒಂದೇ: ಕ್ಯಾಮೆರಾ ಬರೆದ ಮೂಲ ಕಡತವನ್ನು ಇದ್ದಂತೆಯೇ ಕಾಪಾಡಿಕೊಳ್ಳಬೇಕು, ಬದಲಾವಣೆ ಏನಿದ್ದರೂ ಅದರ ಪ್ರತಿಯ ಮೇಲೆ ನಡೆಯಬೇಕು. ಒಮ್ಮೆ ಕುಗ್ಗಿಸಿದ ಚಿತ್ರವನ್ನು ಬಿಡಿಸಿ ಮತ್ತೊಮ್ಮೆ ಕುಗ್ಗಿಸಿದಾಗ ಕಳೆದುಹೋಗುವ ವಿವರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಮೊದಲು ಗುರುತಿಸುವ ಕೆಲಸ

ಫಾರ್ಮ್ಯಾಟ್ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಮೊದಲನೆಯದು ದಾಖಲಿಸುವ ಮಾಧ್ಯಮ: ಟೇಪು, ಡಿವಿಡಿ, ಹಾರ್ಡ್ ಡಿಸ್ಕ್ ಅಥವಾ ಮೆಮೊರಿ ಕಾರ್ಡ್. ಎರಡನೆಯದು ಕೊಡೆಕ್, ಎಂದರೆ ಚಿತ್ರವನ್ನೂ ಧ್ವನಿಯನ್ನೂ ಕುಗ್ಗಿಸುವ ವಿಧಾನ; ಡಿವಿ, ಎಂಪೆಗ್-2, ಎಚ್.264, ಎಚ್.265 ಇವೆಲ್ಲ ಈ ಗುಂಪಿನವು. ಮೂರನೆಯದು ಕಂಟೇನರ್, ಅಂದರೆ ಕುಗ್ಗಿದ ಚಿತ್ರ, ಧ್ವನಿ ಮತ್ತು ಸಮಯದ ಮಾಹಿತಿಯನ್ನು ಒಟ್ಟಿಗೆ ತುಂಬಿಡುವ ಡಬ್ಬಿ. ಎವಿಐ, ಎಂಟಿಎಸ್, ಎಂಪಿ4, ಎಂಒವಿ ಇದಕ್ಕೆ ಉದಾಹರಣೆಗಳು. ಕಡತದ ಹೆಸರಿನ ಕೊನೆಯಲ್ಲಿರುವ ಅಕ್ಷರಗಳು ಡಬ್ಬಿಯನ್ನು ಹೇಳುತ್ತವೆಯೇ ಹೊರತು ಒಳಗಿರುವುದನ್ನಲ್ಲ. ಆದ್ದರಿಂದಲೇ ಒಂದು ಎಂಪಿ4 ಹಳೆಯ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುತ್ತದೆ, ಎಚ್.265 ಇರುವ ಇನ್ನೊಂದು ಎಂಪಿ4 ಅಲ್ಲೇ ತಡವರಿಸುತ್ತದೆ. ಒಳಗೇನಿದೆ ಎಂದು ತಿಳಿಯಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಸಾಕು: ಕೊಡೆಕ್, ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಬರೆಯುವ ದತ್ತಾಂಶದ ಪ್ರಮಾಣ), ಫ್ರೇಮ್‌ಗಳ ವೇಗ, ಚಿತ್ರದ ಅಳತೆ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ. ವಿಎಲ್‌ಸಿ ಪ್ಲೇಯರಿನಲ್ಲಿಯೂ ಕೊಡೆಕ್‌ನ ಮಾಹಿತಿ ಸಿಗುತ್ತದೆ, ಆದರೆ ಅಷ್ಟು ವಿವರವಾಗಿ ಅಲ್ಲ.

ಟೇಪಿನ ಕ್ಯಾಮೆರಾಗಳು

1995ರಲ್ಲಿ ಮಾರುಕಟ್ಟೆಗೆ ಬಂದ ಡಿವಿ ಫಾರ್ಮ್ಯಾಟಿನ ಟೇಪು 6.35 ಮಿಲಿಮೀಟರ್ ಅಗಲವಿದ್ದು, ಅದರ ಚಿಕ್ಕ ಕ್ಯಾಸೆಟ್ಟೇ ಮಿನಿಡಿವಿ. ಇದರಲ್ಲಿ ಚಿತ್ರದ ಬಿಟ್‌ರೇಟ್ ಸೆಕೆಂಡಿಗೆ 25 ಮೆಗಾಬಿಟ್. ಧ್ವನಿ ಮತ್ತಿತರ ಮಾಹಿತಿಯೂ ಸೇರಿ ಒಂದು ಗಂಟೆಯ ಚಿತ್ರೀಕರಣ ಕಂಪ್ಯೂಟರಿನಲ್ಲಿ ಸುಮಾರು 13 ಗಿಗಾಬೈಟ್ ಜಾಗ ಹಿಡಿಯುತ್ತದೆ. ಟಿವಿ ಪ್ರಸಾರದ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720 x 576, ಎನ್‌ಟಿಎಸ್‌ಸಿಯಲ್ಲಿ 720 x 480. ಪ್ರತಿ ಫ್ರೇಮನ್ನೂ ಅಕ್ಕಪಕ್ಕದ ಫ್ರೇಮ್‌ಗಳ ಹಂಗಿಲ್ಲದೆ ಪ್ರತ್ಯೇಕವಾಗಿ ಕುಗ್ಗಿಸುವುದರಿಂದ ಡಿವಿ ಕಡತವನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಇಷ್ಟು ವರ್ಷಗಳಾದ ಮೇಲೂ ಸಂಕಲನಕ್ಕೆ ಇಷ್ಟು ಸುಲಭವಾಗಿ ಬಗ್ಗುವ ಗೃಹಬಳಕೆಯ ಫಾರ್ಮ್ಯಾಟ್ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1999ರಲ್ಲಿ ಸೋನಿ ತಂದ ಡಿಜಿಟಲ್8 ಇದೇ ದತ್ತಾಂಶವನ್ನು ಹೈ8 ಕ್ಯಾಸೆಟ್ಟಿನಲ್ಲಿ ಬರೆಯುತ್ತದೆ. ಟೇಪು ಬೇರೆ, ಒಳಗಿರುವುದು ಅದೇ ಡಿವಿ.

2003ರಲ್ಲಿ ಘೋಷಿಸಲಾದ ಎಚ್‌ಡಿವಿ ಅದೇ ಮಿನಿಡಿವಿ ಕ್ಯಾಸೆಟ್ಟಿಗೆ ಹೈ ಡೆಫಿನಿಷನ್ ಚಿತ್ರವನ್ನು ತುಂಬಿತು. ಅದಕ್ಕಾಗಿ ಎಂಪೆಗ್-2 ವಿಧಾನದಲ್ಲಿ ಹಲವು ಫ್ರೇಮ್‌ಗಳನ್ನು ಒಂದು ಗುಂಪಾಗಿಸಿ, ಗುಂಪಿನ ಮೊದಲ ಫ್ರೇಮನ್ನು ಪೂರ್ತಿಯಾಗಿಯೂ ಉಳಿದವುಗಳ ವ್ಯತ್ಯಾಸಗಳನ್ನು ಮಾತ್ರವೂ ದಾಖಲಿಸಬೇಕಾಯಿತು. ಇದರ ಪರಿಣಾಮ ಟೇಪು ಸವೆದಾಗ ಕಾಣುತ್ತದೆ. ಡಿವಿಯಲ್ಲಿ ಟೇಪಿನ ಸಣ್ಣ ಕಲೆ ಒಂದು ಫ್ರೇಮಿನಲ್ಲಿ ಕೆಲವು ಚೌಕಗಳನ್ನು ಮಾತ್ರ ಕೆಡಿಸಿದರೆ, ಎಚ್‌ಡಿವಿಯಲ್ಲಿ ಅಷ್ಟೇ ಕಲೆ ಇಡೀ ಗುಂಪನ್ನು ಕೆಡಿಸಿ ಸುಮಾರು ಅರ್ಧ ಸೆಕೆಂಡು ಚಿತ್ರವನ್ನೂ ಧ್ವನಿಯನ್ನೂ ನಿಲ್ಲಿಸಿಬಿಡಬಲ್ಲದು. ಆದ್ದರಿಂದ ಎಚ್‌ಡಿವಿಗೆ ಹಲವು ಬಾರಿ ಬಳಸಿದ ಕ್ಯಾಸೆಟ್ಟನ್ನು ಹಾಕಬಾರದು.

ಟೇಪಿನಿಂದ ಇಳಿಸಿಕೊಳ್ಳಲು ಫೈರ್‌ವೈರ್ ಕೇಬಲ್ ಬೇಕು. ಸೋನಿ ಕ್ಯಾಮೆರಾಗಳ ಮೇಲೆ ಇದಕ್ಕೆ ಐ-ಲಿಂಕ್ ಎಂಬ ಹೆಸರಿರುತ್ತದೆ. ಅದೇ ಕ್ಯಾಮೆರಾದಲ್ಲಿರುವ ಯುಎಸ್‌ಬಿ ಕಿಂಡಿಯನ್ನು ನೋಡಿ ಸಮಾಧಾನಪಡಬಾರದು, ಏಕೆಂದರೆ ಟೇಪಿನ ಕಾಲದ ಬಹುತೇಕ ಕ್ಯಾಮೆರಾಗಳಲ್ಲಿ ಅದು ಸ್ಥಿರಚಿತ್ರಗಳಿಗೆ ಅಥವಾ ಕಡಿಮೆ ಗುಣಮಟ್ಟದ ವಿಡಿಯೊಗೆ ಮಾತ್ರ ಮೀಸಲು. ಹಳದಿ, ಕೆಂಪು, ಬಿಳಿ ಪ್ಲಗ್ಗುಗಳ ಎವಿ ಕೇಬಲ್ಲಿನಿಂದ ಚಿತ್ರ ಬರುತ್ತದೆ ನಿಜ, ಆದರೆ ಡಿಜಿಟಲ್ ಆಗಿ ದಾಖಲಾದದ್ದು ಅನಲಾಗ್ ಆಗಿ ಹೊರಬಂದು ಮತ್ತೆ ಡಿಜಿಟಲ್ ಆಗುವಷ್ಟರಲ್ಲಿ ಮಸುಕಾಗಿರುತ್ತದೆ. ಅದನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಬೇಕು. ಫೈರ್‌ವೈರ್ ಮೂಲಕವೂ ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ. ಎಚ್‌ಡಿವಿ ಕ್ಯಾಮೆರಾಗಳಲ್ಲಿ ಚಿತ್ರವನ್ನು ಡಿವಿಗೆ ಇಳಿಸಿ ಹೊರಗೆ ಕಳುಹಿಸುವ ಆಯ್ಕೆಯೊಂದು ಮೆನುವಿನಲ್ಲಿರುತ್ತದೆ. ಅದು ಚಾಲನೆಯಲ್ಲಿದ್ದರೆ ಹೈ ಡೆಫಿನಿಷನ್ ಟೇಪಿನಿಂದ ಹಳೆಯ ಅಳತೆಯ ಚಿತ್ರ ಮಾತ್ರ ಸಿಗುತ್ತದೆ, ಹಾಗಾಗಿ ಮೊದಲೇ ನೋಡಿಕೊಳ್ಳಬೇಕು. ಎಲ್‌ಪಿ ವೇಗದಲ್ಲಿ, ಎಂದರೆ ಹೆಚ್ಚು ಹೊತ್ತು ಹಿಡಿಸಲು ಟೇಪನ್ನು ನಿಧಾನವಾಗಿ ಓಡಿಸಿ ತೆಗೆದ ಟೇಪು ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓಡದಿರಬಹುದು. ಸಾಧ್ಯವಾದರೆ ತೆಗೆದ ಕ್ಯಾಮೆರಾದಲ್ಲೇ ಓಡಿಸುವುದು ಲೇಸು.

ಡಿಸ್ಕು ಮತ್ತು ಹಾರ್ಡ್ ಡಿಸ್ಕಿನ ಮಧ್ಯಂತರ

8 ಸೆಂಟಿಮೀಟರ್ ಡಿವಿಡಿಯಲ್ಲಿ ಬರೆಯುವ ಕ್ಯಾಮೆರಾಗಳ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಒಂದು ಬದಿಗೆ 1.4 ಗಿಗಾಬೈಟ್, ಸಾಮಾನ್ಯ ಗುಣಮಟ್ಟದಲ್ಲಿ ಸುಮಾರು 30 ನಿಮಿಷ. ಡಿಸ್ಕು ಕಂಪ್ಯೂಟರಿನಲ್ಲಿ ಖಾಲಿಯಂತೆ ಕಂಡರೆ ಅದು ಹಾಳಾಗಿದೆ ಎಂದುಕೊಳ್ಳುವ ಮೊದಲು, ಅದನ್ನು ತೆಗೆದ ಕ್ಯಾಮೆರಾಕ್ಕೇ ಹಾಕಿ ಮೆನುವಿನಲ್ಲಿ ‘ಫೈನಲೈಸ್’ ಮಾಡಬೇಕು, ಎಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕಿನ ಬರಹವನ್ನು ಮುಗಿಸಬೇಕು. ಕ್ಯಾಮೆರಾ ಕೈಬಿಟ್ಟುಹೋಗಿದ್ದರೆ ಈ ಕೆಲಸ ಕಷ್ಟವಾಗುತ್ತದೆ, ಆದ್ದರಿಂದ ಮಾರುವ ಮುನ್ನವೇ ಎಲ್ಲ ಡಿಸ್ಕುಗಳನ್ನು ಮುಗಿಸಿಕೊಳ್ಳುವುದು ಜಾಣತನ. ತಟ್ಟೆಯಿಲ್ಲದೆ ಸೀಳಿನಿಂದ ಒಳಗೆಳೆದುಕೊಳ್ಳುವ ಡ್ರೈವಿಗೆ ಈ ಚಿಕ್ಕ ಡಿಸ್ಕನ್ನು ಹಾಕಬಾರದು.

ಹಾರ್ಡ್ ಡಿಸ್ಕಿನ ಕೆಲವು ಕ್ಯಾಮೆರಾಗಳು, ಮುಖ್ಯವಾಗಿ ಜೆವಿಸಿಯವು, ಎಂಒಡಿ ಎಂಬ ಕೊನೆಯಿರುವ ಕಡತಗಳನ್ನು ಬರೆಯುತ್ತವೆ. ಒಳಗಿರುವುದು ಸಾಧಾರಣ ಎಂಪೆಗ್-2. ಚಿತ್ರ ಅಗಲಪರದೆಯದೇ ಎಂಬ ಸೂಚನೆ ಪಕ್ಕದ ಎಂಒಐ ಕಡತದಲ್ಲಿರುವುದರಿಂದ ಎಂಒಡಿಯನ್ನು ಮಾತ್ರ ನಕಲು ಮಾಡಿಕೊಂಡವರಿಗೆ ಮನುಷ್ಯರೆಲ್ಲ ಸಣಕಲಾಗಿ, ಉದ್ದವಾಗಿ ಕಾಣುತ್ತಾರೆ. ಸಂಕಲನದ ತಂತ್ರಾಂಶದಲ್ಲಿ ಅನುಪಾತವನ್ನು 16:9 ಎಂದು ನಿಗದಿಪಡಿಸಿದರೆ ಸರಿಹೋಗುತ್ತದೆ.

ಎವಿಸಿಎಚ್‌ಡಿ: ಫೋಲ್ಡರನ್ನು ಒಡೆಯಬಾರದು

2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ ರೂಪಿಸಿದ ಎವಿಸಿಎಚ್‌ಡಿಯಲ್ಲಿ ಚಿತ್ರಕ್ಕೆ ಎಚ್.264, ಧ್ವನಿಗೆ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಬಳಕೆಯಾಗುತ್ತದೆ. ಬಿಟ್‌ರೇಟಿನ ಮಿತಿ ಸೆಕೆಂಡಿಗೆ 24 ಮೆಗಾಬಿಟ್. 2011ರ ವಿಸ್ತರಣೆಯಲ್ಲಿ ಸೆಕೆಂಡಿಗೆ 50 ಅಥವಾ 60 ಪೂರ್ಣ ಫ್ರೇಮ್‌ಗಳ ಚಿತ್ರಕ್ಕಾಗಿ ಇದನ್ನು 28ಕ್ಕೆ ಏರಿಸಲಾಯಿತು. ಮನೆಗಳಲ್ಲಿ ಉಳಿದಿರುವ ಹೈ ಡೆಫಿನಿಷನ್ ಚಿತ್ರೀಕರಣದ ದೊಡ್ಡ ಪಾಲು ಇದರಲ್ಲೇ ಇದೆ, ಗೊಂದಲಗಳ ದೊಡ್ಡ ಪಾಲೂ ಇದರದೇ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಕಾಣುವುದು ‘ಪ್ರೈವೇಟ್’ ಎಂಬ ಫೋಲ್ಡರ್. ಅದರೊಳಗೆ ‘ಎವಿಸಿಎಚ್‌ಡಿ’, ಅದರೊಳಗೆ ‘ಬಿಡಿಎಂವಿ’, ಅದರೊಳಗೆ ‘ಸ್ಟ್ರೀಮ್’, ಅಲ್ಲಿ 00000, 00001 ಎಂದು ಸಂಖ್ಯೆಗಳೇ ಹೆಸರಾಗಿರುವ ಎಂಟಿಎಸ್ ಕಡತಗಳು. ಬೇಕಾದದ್ದು ಇವೇ ತಾನೆ ಎಂದು ಎಂಟಿಎಸ್ ಕಡತಗಳನ್ನಷ್ಟೇ ಎತ್ತಿಕೊಳ್ಳುವುದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ ಮೂರು ತೊಂದರೆಗಳಿವೆ. ಯಾವ ತುಣುಕಿನ ನಂತರ ಯಾವುದು ಬರಬೇಕೆಂಬ ಮಾಹಿತಿ ಪಕ್ಕದ ಫೋಲ್ಡರುಗಳಲ್ಲಿದ್ದು ಅದು ಹಿಂದೆಯೇ ಉಳಿಯುತ್ತದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿದ ಮೇಲೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಎಣಿಕೆ ಮತ್ತೆ 00000ದಿಂದ ಶುರುವಾಗುವುದರಿಂದ, ಒಂದೇ ಫೋಲ್ಡರಿಗೆ ಎರಡು ದಿನಗಳ ಕಡತಗಳನ್ನು ಸುರಿದರೆ ಹೊಸದು ಹಳೆಯದನ್ನು ಅಳಿಸಿಹಾಕುವ ಅಪಾಯವಿದೆ. ಮೂರನೆಯದು ಇನ್ನೂ ಸೂಕ್ಷ್ಮ: ದೀರ್ಘ ಚಿತ್ರೀಕರಣವನ್ನು ಕ್ಯಾಮೆರಾ 2 ಅಥವಾ 4 ಗಿಗಾಬೈಟಿನ ತುಂಡುಗಳಾಗಿ ಕತ್ತರಿಸುತ್ತದೆ, ಮತ್ತು ಆ ಕತ್ತರಿ ಫ್ರೇಮ್‌ಗಳ ಗುಂಪಿನ ನಡುವೆಯೇ ಬೀಳಬಹುದು. ಅಂತಹ ಎರಡು ತುಂಡುಗಳನ್ನು ಟೈಮ್‌ಲೈನಿನಲ್ಲಿ ಅಕ್ಕಪಕ್ಕ ಇಟ್ಟರೆ ಬೆಸುಗೆಯ ಜಾಗದಲ್ಲಿ ಕೆಲವು ಫ್ರೇಮ್‌ಗಳು ಕಾಣೆಯಾಗಿ, ಹಾಡಿನ ನಡುವೆ ಧ್ವನಿ ತಟಕ್ಕನೆ ಕಡಿದಂತಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಇಡೀ ಫೋಲ್ಡರನ್ನು ಇದ್ದ ಹಾಗೆಯೇ, ದಿನಾಂಕದ ಹೆಸರು ಕೊಟ್ಟ ಹೊಸ ಫೋಲ್ಡರಿಗೆ ನಕಲು ಮಾಡಿ, ಸಂಕಲನದ ತಂತ್ರಾಂಶದ ಇಂಪೋರ್ಟ್ ಸೌಲಭ್ಯದಿಂದ ತೆರೆಯುವುದು. ಆಗ ಅದು ತುಂಡುಗಳನ್ನು ಒಂದೇ ತುಣುಕಾಗಿ ಗುರುತಿಸುತ್ತದೆ. ಫೋಲ್ಡರ್ ಈಗಾಗಲೇ ಕಳೆದುಹೋಗಿದ್ದರೆ, ತುಂಡುಗಳನ್ನು ಕ್ರಮವಾಗಿ ಬೈಟಿಗೆ ಬೈಟು ಜೋಡಿಸಿ ಒಂದೇ ಎಂಟಿಎಸ್ ಮಾಡಬಹುದು. ಈ ಕಂಟೇನರ್ ಅದಕ್ಕೆ ಅವಕಾಶ ಕೊಡುತ್ತದೆ, ಎಂಪಿ4 ಕೊಡುವುದಿಲ್ಲ.

ಚಲನೆಯ ಅಂಚಿನಲ್ಲಿ ಕಾಣುವ ಗೆರೆಗಳು

ಮೆನುವಿನಲ್ಲಿ 50ಐ, 60ಐ ಎಂದಿದ್ದರೆ ಅದು ಇಂಟರ್ಲೇಸ್ಡ್ ಚಿತ್ರ. 50ಐಯಲ್ಲಿ ಸೆಕೆಂಡಿಗೆ 25 ಪೂರ್ಣ ಫ್ರೇಮ್‌ಗಳ ಬದಲು 50 ಅರ್ಧಫ್ರೇಮ್‌ಗಳನ್ನು, ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು ಎಂಬಂತೆ ತೆಗೆಯಲಾಗುತ್ತದೆ. ಕೈ ಬೀಸುತ್ತಿರುವ ವ್ಯಕ್ತಿಯ ದೃಶ್ಯವನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ದೊಡ್ಡದು ಮಾಡಿದರೆ, ಕೈಯ ಅಂಚು ಒಂದು ಗೆರೆ ಎಡಕ್ಕೆ, ಮರುಗೆರೆ ಬಲಕ್ಕೆ ಸರಿದು ಹಲ್ಲುಹಲ್ಲಾಗಿ ಕಾಣುತ್ತದೆ, ಅಲುಗಾಡದ ಗೋಡೆ ಮಾತ್ರ ಸ್ವಚ್ಛವಾಗಿರುತ್ತದೆ. ಅದು ಕ್ಯಾಮೆರಾದ ದೋಷವಲ್ಲ. ಎರಡು ಬೇರೆ ಕ್ಷಣಗಳು ಒಂದೇ ಚೌಕಟ್ಟಿನಲ್ಲಿವೆ, ಅಷ್ಟೆ. ಮೂಲವನ್ನು ಹಾಗೆಯೇ ಬಿಟ್ಟು, ಅಂತಿಮ ಪ್ರತಿಯನ್ನು ತಯಾರಿಸುವಾಗ ಡಿಇಂಟರ್ಲೇಸ್ ಮಾಡಬೇಕು, ಎಂದರೆ ಅರ್ಧಫ್ರೇಮ್‌ಗಳನ್ನು ಪೂರ್ಣ ಫ್ರೇಮ್‌ಗಳಾಗಿಸಬೇಕು. ಎಫ್‌ಎಫ್‌ಎಂಪೆಗ್ ಮತ್ತು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶಗಳಲ್ಲಿ ಸಿಗುವ ‘ಯಾಡಿಫ್’ ಫಿಲ್ಟರ್ ಇದಕ್ಕೆ ಸಾಕು. ಪ್ರತಿ ಅರ್ಧಫ್ರೇಮಿನಿಂದ ಒಂದು ಫ್ರೇಮ್ ಪಡೆಯುವ ಆಯ್ಕೆಯನ್ನು ಬಳಸಿದರೆ ಸೆಕೆಂಡಿಗೆ 50 ಫ್ರೇಮ್‌ಗಳು ಸಿಕ್ಕಿ ಚಲನೆಯ ನಯ ಉಳಿಯುತ್ತದೆ. 25ಕ್ಕೆ ಇಳಿಸಿದರೆ ಆಟೋಟದ ದೃಶ್ಯಗಳು ಎಗರೆಗರಿದಂತೆ ತೋರುತ್ತವೆ. ಡಿವಿಯಲ್ಲಿ ಕೆಳಗಿನ ಅರ್ಧಫ್ರೇಮ್ ಮೊದಲು, ಎಚ್‌ಡಿವಿ ಮತ್ತು ಎವಿಸಿಎಚ್‌ಡಿಗಳಲ್ಲಿ ಮೇಲಿನದು ಮೊದಲು. ಈ ಕ್ರಮ ತಪ್ಪಿದರೆ ಚಲನೆ ಮುಂದೆ ಹಿಂದೆ ನಡುಗುತ್ತದೆ.

ಹೊಸದಾಗಿ ಚಿತ್ರೀಕರಿಸುವವರಿಗೆ ಇಂಟರ್ಲೇಸ್ಡ್ ಆರಿಸಲು ಈಗ ಕಾರಣವಿಲ್ಲ. ಪೂರ್ಣ ಫ್ರೇಮ್‌ಗಳನ್ನೇ ತೆಗೆಯುವ 50ಪಿ ಅಥವಾ 60ಪಿ ಇದ್ದರೆ ಅದನ್ನೇ ಆರಿಸಬೇಕು. ಎರಡರಲ್ಲಿ ಯಾವುದು ಎಂಬುದನ್ನು ಆ ಪ್ರದೇಶದ ವಿದ್ಯುತ್ತಿನ ಆವರ್ತನ ನಿರ್ಧರಿಸಲಿ: 50 ಹರ್ಟ್ಸ್ ಇರುವಲ್ಲಿ 50ಪಿ ಅಥವಾ 25ಪಿ ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಚಿತ್ರದಲ್ಲಿ ಕಾಣುವುದು ಕಡಿಮೆ.

ಗುಣಮಟ್ಟ ಮತ್ತು ಕಾರ್ಡಿನ ಲೆಕ್ಕ

ಎಫ್‌ಎಕ್ಸ್, ಎಫ್‌ಎಚ್, ಎಚ್‌ಕ್ಯೂ, ಎಲ್‌ಪಿ ಎಂಬ ಅಕ್ಷರಗಳು ಬಿಟ್‌ರೇಟಿನ ಅಡ್ಡಹೆಸರುಗಳು. ಸೋನಿಯ ಎವಿಸಿಎಚ್‌ಡಿ ಕ್ಯಾಮೆರಾಗಳಲ್ಲಿ ಇವು ಕ್ರಮವಾಗಿ ಸುಮಾರು 24, 17, 9 ಮತ್ತು 5 ಮೆಗಾಬಿಟ್. ಹೆಚ್ಚು ಹೊತ್ತು ತೆಗೆಯಬಹುದೆಂದು ಕೊನೆಯ ಎರಡನ್ನು ಆರಿಸಿದರೆ, ಎಲೆಗಳು ಅಲುಗುವ ಮರ ಅಥವಾ ಹರಿಯುವ ನೀರು ಪರದೆಯಲ್ಲಿ ಚೌಕಚೌಕವಾಗಿ ಒಡೆಯುತ್ತದೆ. ಸೋನಿ 2013ರಲ್ಲಿ ತಂದ ಎಕ್ಸ್‌ಎವಿಸಿ ಎಸ್ ಫಾರ್ಮ್ಯಾಟಿನಲ್ಲಿ ಅದೇ ಎಚ್.264 ಎಂಪಿ4 ಕಂಟೇನರಿನಲ್ಲಿ ಬರುತ್ತದೆ. ಬಿಟ್‌ರೇಟ್ ಹೈ ಡೆಫಿನಿಷನ್‌ನಲ್ಲಿ 50, 4ಕೆಯಲ್ಲಿ 60 ಅಥವಾ 100 ಮೆಗಾಬಿಟ್. ಅನೇಕ ಕ್ಯಾಮೆರಾಗಳು ಇದರ ಜೊತೆಗೇ ಸಣ್ಣದೊಂದು ಎಂಪಿ4 ಕಡತವನ್ನೂ ಬರೆಯಬಲ್ಲವು. ಅದು ತಕ್ಷಣ ಕಳುಹಿಸಲಿಕ್ಕೆ ಅನುಕೂಲ, ಆದರೆ ಉಳಿಸಿಕೊಳ್ಳಬೇಕಾದದ್ದು ದೊಡ್ಡದನ್ನೇ.

ಎಷ್ಟು ಜಾಗ ಬೇಕೆಂದು ತಿಳಿಯಲು ಮೆಗಾಬಿಟ್ ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಗಿಗಾಬೈಟ್ ಎಂಬುದು ಬರುತ್ತದೆ: 24ಕ್ಕೆ 10.8, 100ಕ್ಕೆ 45. ವೇಗಕ್ಕೆ 8ರಿಂದ ಭಾಗಿಸಬೇಕು. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಕ್ಲಾಸ್ 10 ಕಾರ್ಡು ಖಾತರಿ ಕೊಡುವುದು 10 ಮೆಗಾಬೈಟಿಗೆ ಮಾತ್ರವಾದ್ದರಿಂದ ಇಲ್ಲಿ ಅದು ಸಾಲದು, 30 ಮೆಗಾಬೈಟಿನ ಯು3 ಅಥವಾ ವಿ30 ಗುರುತಿನ ಕಾರ್ಡು ಬೇಕು. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಓದುವ ವೇಗ. ಚಿತ್ರೀಕರಣಕ್ಕೆ ಅದರಿಂದ ಪ್ರಯೋಜನವಿಲ್ಲ.

ಬದಲಿಸಬೇಕಾಗಿಯೇ ಬಂದರೆ

ಟಿವಿಯಲ್ಲಿ ಎಂಟಿಎಸ್ ತೆರೆಯುತ್ತಿಲ್ಲ ಎಂದಾಕ್ಷಣ ಕನ್ವರ್ಟರ್ ತಂತ್ರಾಂಶಕ್ಕೆ ಕೈಹಾಕಬೇಕಿಲ್ಲ. ಎಫ್‌ಎಫ್‌ಎಂಪೆಗ್‌ನಲ್ಲಿ ಕೊಡೆಕ್ ಬದಲಿಸದೆ ಕಾಪಿ ಮಾಡುವ ಆಯ್ಕೆಯನ್ನು ಕೊಟ್ಟರೆ ಅದೇ ಚಿತ್ರ, ಅದೇ ಧ್ವನಿ ಎಂಪಿ4 ಕಂಟೇನರಿಗೆ ವರ್ಗವಾಗುತ್ತದೆ. ಒಂದು ಗಂಟೆಯ ಕಡತಕ್ಕೂ ಇದು ಕೆಲವೇ ನಿಮಿಷಗಳ ಕೆಲಸ, ಗುಣಮಟ್ಟ ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಡಾಲ್ಬಿ ಧ್ವನಿ ಕೇಳಿಸದಿದ್ದರೆ ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಎಎಸಿ ಎಂಬ ಇನ್ನೊಂದು ಕೊಡೆಕ್‌ಗೆ ಬದಲಿಸಬಹುದು. 4ಕೆ ಅಥವಾ ಎಚ್.265 ಕಡತಗಳು ಸಂಕಲನದ ವೇಳೆ ಎಳೆದಾಡಿದರೆ ತಂತ್ರಾಂಶದಲ್ಲಿ ಪ್ರಾಕ್ಸಿ ಸೌಲಭ್ಯವನ್ನು ಚಾಲೂ ಮಾಡಿ ಚಿಕ್ಕ ಪ್ರತಿಗಳ ಮೇಲೆ ಕೆಲಸ ಮಾಡಬೇಕು. ಕೊನೆಯ ಕಡತವನ್ನು ಅದು ಮೂಲದಿಂದಲೇ ತಯಾರಿಸುತ್ತದೆ.

ಕಾರ್ಡನ್ನು ಖಾಲಿ ಮಾಡುವ ಮುನ್ನ ಇಡೀ ಫೋಲ್ಡರಿನ ಪ್ರತಿ ಎರಡು ಪ್ರತ್ಯೇಕ ಡಿಸ್ಕುಗಳಲ್ಲಿರಬೇಕು. ಎರಡೂ ಕಡೆ ಒಟ್ಟು ಬೈಟುಗಳ ಸಂಖ್ಯೆ ಕಾರ್ಡಿನದಕ್ಕೆ ಹೊಂದುತ್ತದೆಯೇ ಎಂದು ನೋಡಿ, ಅತಿ ಉದ್ದದ ತುಣುಕನ್ನು ಕೊನೆಯವರೆಗೆ ಓಡಿಸಿ ಪರೀಕ್ಷಿಸಿದ ಬಳಿಕ ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. ಅದಕ್ಕೆ ಬೇಕಾದ ಫೋಲ್ಡರುಗಳ ವ್ಯವಸ್ಥೆಯನ್ನು ಅದೇ ಹಾಕಿಕೊಳ್ಳುತ್ತದೆ.