ತೋಟದಲ್ಲಿ ಬಲಿತ ಹುಂಜವನ್ನು ಬ್ರಾಯ್ಲರಿನಂತೆ ಬೇಯಿಸುವವರಿಗೆ

ನಮ್ಮ ಕಡೆಯ ಮನೆಗಳಲ್ಲಿ ಊರಕೋಳಿಯ ಊಟಕ್ಕೆಂದು ಕರೆದಾಗ ಈಗೀಗ ನಾನು ಅರ್ಧ ಮನಸ್ಸಿನಿಂದಲೇ ಹೋಗುತ್ತೇನೆ. ಬ್ರಾಯ್ಲರಿಗಿಂತ ಎಷ್ಟೋ ಹೆಚ್ಚು ಹಣ ಕೊಟ್ಟು, ಯಾರದೋ ಅಡಿಕೆ ತೋಟದಲ್ಲಿ ಕೆದಕಿ ತಿಂದು ಬಲಿತ ಹುಂಜವನ್ನು ಹುಡುಕಿ ತರುತ್ತಾರೆ. ಅಷ್ಟೆಲ್ಲ ಮಾಡಿದವರು ಅಂಗಡಿಯವನ ಕೈಯಲ್ಲೇ ಅದರ ಚರ್ಮ ಸುಲಿಸಿ, ಬೆರಳಿನಷ್ಟು ಸಣ್ಣ ತುಂಡು ಮಾಡಿಸಿ, ಮನೆಗೆ ತಂದು ನಲ್ಲಿಯ ಕೆಳಗೆ ಮಾಂಸ ಬಿಳುಚುವ ತನಕ ತೊಳೆದು, ಕುಕ್ಕರಿಗೆ ತುಂಬಿ ಸೀಟಿಯ ಮೇಲೆ ಸೀಟಿ ಹೊಡೆಸುತ್ತಾರೆ. ಬಡಿಸುವ ಹೊತ್ತಿಗೆ ಮೂಳೆ ಬೇರೆ, ನಾರು ಬೇರೆ, ಸಾರು ಬೇರೆ. "ಊರಕೋಳಿ ಅಂದರೆ ಸ್ವಲ್ಪ ಗಟ್ಟಿಯೇ ಅಲ್ಲವಾ ದೊಡ್ಡಮ್ಮ?" ಎಂದು ನನ್ನನ್ನೇ ಕೇಳುತ್ತಾರೆ. ಕೋಳಿಯ ಮೇಲೆ ತಪ್ಪು ಹೊರಿಸುವುದನ್ನು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಉಡುಪಿ ಜಿಲ್ಲೆಯ ಹೆಬ್ರಿಯಿಂದ ಘಟ್ಟದ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಜ್ಜನ ಕಾಲದಲ್ಲಿ ಮನೆಯಲ್ಲೊಂದು ಕೋವಿ ಇತ್ತು. ಕಾಡುಕೋಳಿಯೋ ಬುರ್ಲಿ ಹಕ್ಕಿಯೋ ಆಗಾಗ ಅಡುಗೆಮನೆಗೆ ಬರುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದೆಲ್ಲ ನಿಂತಿತು, 1974ರಲ್ಲಿ ಸೋಮೇಶ್ವರದ ಕಾಡು ಅಭಯಾರಣ್ಯವೇ ಆಯಿತು. ನಿಂತದ್ದು ಒಳ್ಳೆಯದೇ ಆಯಿತು. ಇವತ್ತಿಗೂ ಯಾರಾದರೂ ಚೀಲದಲ್ಲಿ ಮುಚ್ಚಿ ತಂದು "ಕಾಡಿನದ್ದು" ಎಂದು ಕಣ್ಣು ಮಿಟುಕಿಸಿದರೆ ಅದನ್ನು ಹೊಸ್ತಿಲ ಒಳಗೆ ಬಿಡಬೇಡಿ. ಜೈಲಿನ ದಾರಿ ಎಂಬುದು ಒಂದು, ಕಾಡಿನಲ್ಲಿ ಉಳಿದಿರುವುದೇ ಅಷ್ಟು ಎಂಬುದು ಇನ್ನೊಂದು. ಆದರೆ ಆ ಹಕ್ಕಿಗಳನ್ನು ಹದಗೊಳಿಸಲು ಅಜ್ಜಿ ಬಳಸುತ್ತಿದ್ದ ಕ್ರಮ ಮಾತ್ರ ಮನೆಯಲ್ಲಿ ಉಳಿಯಿತು. ಹಗಲೆಲ್ಲ ತೋಟ ಸುತ್ತಿ, ರಾತ್ರಿ ಹಲಸಿನ ಮರದ ಕೊಂಬೆಯ ಮೇಲೆ ಮಲಗುವ ಊರ ಹುಂಜಕ್ಕೆ ಅದೇ ಕ್ರಮ ಸರಿಹೊಂದುತ್ತದೆ. ಆರು ವಾರ ಗೂಡಿನಲ್ಲಿ ಕುಳಿತು ದಪ್ಪಗಾಗುವ ಬ್ರಾಯ್ಲರಿನ ಕ್ರಮ ಇದಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಮೊದಲು ಕೋಳಿಯ ಪ್ರಾಯ ನೋಡಲು ಕಲಿಯಿರಿ. ಹುಂಜದ ಕಾಲಿನ ಮುಳ್ಳು ಉದ್ದವಾಗಿ ಬಾಗಿದ್ದರೆ, ಕಾಲಿನ ಪೊರೆ ಒರಟಾಗಿದ್ದರೆ, ಎದೆಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿದಾಗ ಬಾಗದಿದ್ದರೆ ಅದು ಬಲಿತದ್ದು. ಅದಕ್ಕೆ ಸಮಯ ಕೊಡಲೇಬೇಕು. ತುದಿ ಮೆತ್ತಗೆ ಬಾಗಿದರೆ ಎಳೆಯದು, ಸುಕ್ಕ ಮಾಡಿಕೊಳ್ಳಿ, ಈ ಬರಹ ನಿಮಗೆ ಬೇಡ. ಬಲಿತ ಕೋಳಿಯನ್ನು ಬೆಳಿಗ್ಗೆ ಕೊಯ್ದು ಮಧ್ಯಾಹ್ನಕ್ಕೆ ಬಡಿಸುವ ಅವಸರವೂ ಬೇಡ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಮಾಂಸ ಸೆಟೆದುಕೊಳ್ಳುತ್ತದೆ. ಆ ಸೆಟೆತ ಬಿಡುವ ಮೊದಲೇ ಒಲೆಗೇರಿಸಿದರೆ ಎಷ್ಟು ಬೇಯಿಸಿದರೂ ರಬ್ಬರ್. ಸಂಜೆ ಕೊಯ್ದು ಶುಚಿಮಾಡಿ, ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚಿಟ್ಟು, ಮರುದಿನ ಬೇಯಿಸುವುದು ಸರಿಯಾದ ಲೆಕ್ಕ.

ಪುಕ್ಕ ಕೀಳಲು ಕುದಿಯುವ ನೀರು ಸುರಿಯುವವರನ್ನು ಕಂಡಿದ್ದೇನೆ. ಚರ್ಮ ಅಲ್ಲಿಯೇ ಬೆಂದು, ಪುಕ್ಕದ ಜೊತೆಗೆ ಹರಿದು ಬರುತ್ತದೆ. ಹಂಡೆಯ ತಳದಲ್ಲಿ ಸಣ್ಣ ಗುಳ್ಳೆ ಏಳಲು ಆರಂಭಿಸಿದಾಗಲೇ ನೀರು ಇಳಿಸಬೇಕು. ಬೆರಳು ಅದ್ದಿ ತಟ್ಟನೆ ತೆಗೆಯುವಷ್ಟು ಬಿಸಿ ಸಾಕು. ಕೋಳಿಯನ್ನು ಕಾಲು ಹಿಡಿದು ಮುಳುಗಿಸಿ ಆಡಿಸಿ, ರೆಕ್ಕೆಯ ದೊಡ್ಡ ಗರಿ ಎಳೆದಾಗ ಸಲೀಸಾಗಿ ಬಂದರೆ ಆಯಿತು.

ಈಗ ನಾನು ಯಾರ ಮಾತಿಗೂ ಬಿಟ್ಟುಕೊಡದ ಕೆಲಸಕ್ಕೆ ಬರುತ್ತೇನೆ, ಅದು ಸುಡುವುದು. ಕೋಳಿಯ ರುಚಿಯೆಲ್ಲ ಚರ್ಮದಲ್ಲಿ ಮತ್ತು ಅದರ ಅಡಿಯ ತೆಳ್ಳನೆಯ ಕೊಬ್ಬಿನಲ್ಲಿದೆ. ಓಡಾಡಿದ ಕೋಳಿಗೆ ಬೇರೆಡೆ ಕೊಬ್ಬು ಇರುವುದೇ ಕಡಿಮೆ. ಆ ಚರ್ಮವನ್ನು ಬೆಂಕಿಗೆ ಹಿಡಿದು ಹದಮಾಡುವುದಕ್ಕೆ ಗ್ಯಾಸ್ ಒಲೆ ಸಾಲದು. ಅದರ ಉರಿ ಒಂದೇ ಕಡೆ ಚುಚ್ಚುತ್ತದೆ, ಒಂದು ಕಡೆ ಕರಕಲಾದರೆ ಇನ್ನೊಂದು ಕಡೆ ರೋಮ ಹಾಗೆಯೇ ನಿಂತಿರುತ್ತದೆ. ಇದಕ್ಕೆ ಬೇಕಾದದ್ದು ಮರದಿಂದ ತಾನಾಗಿ ಬಿದ್ದು ಚೆನ್ನಾಗಿ ಒಣಗಿದ ತೆಂಗಿನ ಗರಿಯ ತೂಟೆ. ಗರಿಗಳನ್ನು ಮಾತ್ರ ಸೀಳಿ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪಕ್ಕೆ ಸೇರಿಸಿ, ಎರಡು ಕಡೆ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಗಾಳಿಯಾಡದೆ ಉರಿಯ ಬದಲು ಹೊಗೆ ಬರುತ್ತದೆ, ಹೊಗೆ ತಿಂದ ಚರ್ಮ ಕಹಿಯಾಗುತ್ತದೆ. ಮಳೆಗಾಲಕ್ಕೆ ಮೊದಲೇ ಗರಿಗಳನ್ನು ಕೊಟ್ಟಿಗೆಯ ಮಾಡಿನ ಅಡಿಯಲ್ಲಿ ಸೇರಿಸಿಟ್ಟುಕೊಂಡಿದ್ದರೆ ಆಟಿ ತಿಂಗಳಲ್ಲೂ ತೊಂದರೆಯಿಲ್ಲ. ಗರಿ ಸೀಳುವಾಗ ನಡುವಿನ ಕಡ್ಡಿಯನ್ನು ಎಸೆಯುವವರಿಗೂ ಒಂದು ಮಾತು: ಅದೇ ಕಡ್ಡಿಯನ್ನು ಕತ್ತಿಯಿಂದ ಹೆರೆದು ಕಟ್ಟಿದರೆ ಅಂಗಳಕ್ಕೆ ವರ್ಷವಿಡೀ ಸಾಲುವ ಹಿಡಿಸೂಡಿ (ಪೊರಕೆ) ಆಗುತ್ತದೆ. ಮನೆಯ ಹಿಂದೆ ಹತ್ತು ತೆಂಗಿನ ಮರ ಇಟ್ಟುಕೊಂಡು ಪೇಟೆಯಿಂದ ಹಿಡಿಸೂಡಿ ಕೊಂಡು ತರುವ ಸೊಸೆಯಂದಿರನ್ನು ಕಂಡರೆ ನನಗೆ ಏನು ಹೇಳಬೇಕೆಂದು ತೋಚುವುದಿಲ್ಲ.

ತೂಟೆ ಹೊತ್ತಿಸಲು ಸೀಮೆಎಣ್ಣೆ ಬೇಡ, ಶಾಯಿಯ ವಾಸನೆ ಹಿಡಿಯುವ ಪತ್ರಿಕೆಯ ಕಾಗದವೂ ಬೇಡ. ಒಂದು ಹಿಡಿ ಬೈಹುಲ್ಲು ಸಾಕು. ಅದಕ್ಕೂ ಮೊದಲು ಕೋಳಿಯ ಮೈಯನ್ನು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿರಬೇಕು, ಒದ್ದೆ ಚರ್ಮ ಸುಡುವುದಿಲ್ಲ, ಬೇಯುತ್ತದೆ. ಇಬ್ಬರು ಬೇಕು. ಒಬ್ಬರು ಒಂದು ಕೈಯಲ್ಲಿ ಎರಡು ಕಾಲು, ಇನ್ನೊಂದು ಕೈಯಲ್ಲಿ ಕೊರಳು ಹಿಡಿದು ಚರ್ಮ ಸುಕ್ಕಿಲ್ಲದಂತೆ ಎಳೆದು ಅಡ್ಡಲಾಗಿ ನಿಲ್ಲಬೇಕು. ಇನ್ನೊಬ್ಬರು ತೂಟೆಯನ್ನು ಅಡಿಯಿಂದ ಆಡಿಸಬೇಕು. ನಮ್ಮ ಮನೆಯಲ್ಲಿ ಅಜ್ಜಿ ತೂಟೆ ಹಿಡಿದರೆ ಕೋಳಿ ಹಿಡಿಯುವ ಕೆಲಸ ನನ್ನದಾಗಿತ್ತು, ಕೈ ಸ್ವಲ್ಪ ತಗ್ಗಿದರೆ ಮೊಣಕೈಗೆ ಪೆಟ್ಟು ಬೀಳುತ್ತಿತ್ತು. ಉರಿಯ ಹಳದಿ ತುದಿ ಮಾತ್ರ ಚರ್ಮಕ್ಕೆ ತಾಗಬೇಕು, ಒಂದು ಕಡೆ ನಿಲ್ಲಬಾರದು. ಎದೆಯ ಮೇಲೆ ಬೇಗ ಹಾಯಿಸಿ, ತೊಡೆಯ ಮೇಲೆ ನಿಧಾನಿಸಿ, ರೆಕ್ಕೆಯನ್ನು ಅಗಲಿಸಿ ಅದರ ಸಂದಿಗೆ ಉರಿ ತೋರಿಸಿ. ರೋಮವೆಲ್ಲ ಅಡಗಿ ಕುಳಿತಿರುವುದು ಆ ಸಂದಿಯಲ್ಲೇ. ಕಾಲಿಗೆ ಹೆಚ್ಚು ಹೊತ್ತು ಹಿಡಿದರೆ ಪೊರೆ ಉಬ್ಬಿ ಬಿಡುತ್ತದೆ, ಒರಟು ಬಟ್ಟೆಯಿಂದ ಹಿಡಿದು ಎಳೆದಾಗ ಒದ್ದೆ ಕಾಲುಚೀಲದಂತೆ ಕಳಚಿ ಬರುತ್ತದೆ. ಆರಂಭದಲ್ಲಿ ಕೂದಲು ಸುಟ್ಟ ವಾಸನೆಯೇ ಮೂಗಿಗೆ ಹೊಡೆಯುತ್ತದೆ. ಅದು ಕಳೆದು ಕೊಬ್ಬು ಕರಗುವ ಪರಿಮಳ ಬಂದ ಕ್ಷಣವೇ ತೂಟೆ ಪಕ್ಕಕ್ಕೆ ಹೋಗಬೇಕು. ಗಡಿಯಾರ ನೋಡಿ ಈ ಕೆಲಸ ಆಗುವುದಿಲ್ಲ. ಚರ್ಮ ಬಿಗಿದು, ಬಂಗಾರದ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕಪ್ಪು ಮಸಿ ಹಿಡಿದಿರಬೇಕು, ಒಡೆದಿರಬಾರದು.

ಮೈ ಬಿಸಿಯಿರುವಾಗಲೇ ಅರಶಿನ ಪುಡಿ ಮತ್ತು ಕಲ್ಲುಪ್ಪನ್ನು ಅಂಗೈಯಲ್ಲಿ ತೆಗೆದುಕೊಂಡು, ಕಾಲಿನ ಬೆರಳ ಸಂದಿಯನ್ನೂ ಬಿಡದೆ ತಿಕ್ಕಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಕತ್ತಿಯ ಬೆನ್ನಿನಿಂದ ಮಸಿಯನ್ನು ಹೆರೆದು ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಇಡೀ ಕೋಳಿಯನ್ನು ತೊಳೆಯಿರಿ. ತಣ್ಣೀರು ಹಾಕಿದರೆ ಕೊಬ್ಬು ಗಟ್ಟಿಯಾಗಿ ಮಸಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಹೊರಮೈ ತೊಳೆಯುವುದು ಇದೊಂದೇ ಸಲ. ತುಂಡು ಮಾಡಿದ ಮೇಲೆ ತೊಳೆದರೆ ರುಚಿ ಚರಂಡಿಗೆ ಹೋಗುತ್ತದೆ. ಫ್ಲ್ಯಾಟಿನಲ್ಲಿರುವವರು ತೂಟೆ ಎಲ್ಲಿಂದ ತರುವುದು ಎಂದು ಕೇಳುತ್ತೀರಿ ಎಂದು ಗೊತ್ತು. ಊರಿಗೆ ಹೋದಾಗ ಅಲ್ಲಿಯೇ ಸುಟ್ಟು, ಶುಚಿಮಾಡಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತನ್ನಿ. ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿಯನ್ನೆಲ್ಲ ಕಾರಿನಲ್ಲಿ ತುಂಬಿಸಿಕೊಂಡು ಹೋಗುವವರಿಗೆ ಇದೊಂದು ಭಾರವಾಗದು.

ಹೊಟ್ಟೆ ಬಿಡಿಸುವಾಗ ಅವಸರ ಬೇಡ. ಈಲಿಗೆ (ಲಿವರಿಗೆ) ಅಂಟಿಕೊಂಡ ಹಸುರು ಪಿತ್ತದ ಚೀಲ ಒಡೆದರೆ ತಾಗಿದ ಮಾಂಸವೆಲ್ಲ ಕಹಿ. ಸುತ್ತಲಿನ ಈಲಿಯನ್ನು ಸ್ವಲ್ಪ ಬಿಟ್ಟುಕೊಟ್ಟೇ ಕತ್ತರಿಸಿ. ಬಾಲದ ಬುಡದ ಎಣ್ಣೆಗಂಟನ್ನು ಬಗೆದು ತೆಗೆಯಿರಿ, ಇಲ್ಲದಿದ್ದರೆ ಸಾರಿಗೆ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತದೆ. ಕಲ್ಲುಮರಳು ತುಂಬಿದ ಗಟ್ಟಿ ಚೀಲವನ್ನು ಸೀಳಿ, ಒಳಗಿನ ಹಳದಿ ಪೊರೆಯನ್ನು ಸುಲಿದು ಬಿಸಾಡಿ, ಚೀಲವನ್ನು ಇಟ್ಟುಕೊಳ್ಳಿ. ಅದನ್ನು ಎಸೆಯುವವರು ಕೋಳಿ ತಿನ್ನಲು ಅರ್ಹರಲ್ಲ. ಹೊಟ್ಟೆಯೊಳಗೆ ಒಮ್ಮೆ ನೀರು ಹಾಯಿಸಿ ಬಸಿದರೆ ಅಲ್ಲಿಗೆ ಮುಗಿಯಿತು. ತುಂಡುಗಳು ದೊಡ್ಡದಿರಲಿ, ಚರ್ಮ ಪ್ರತಿಯೊಂದಕ್ಕೂ ಅಂಟಿಕೊಂಡಿರಲಿ.

ಮರುದಿನ ಮಣ್ಣಿನ ಬಿಸಲೆಯಲ್ಲಿ ಸ್ವಲ್ಪ ತೆಂಗಿನೆಣ್ಣೆ, ಧಾರಾಳ ನೀರುಳ್ಳಿ, ಜಜ್ಜಿದ ಶುಂಠಿ ಹಾಕಿ, ಮೊದಲು ಕಾಲು, ತೊಡೆ, ಬೆನ್ನು, ಕೊರಳಿನ ತುಂಡುಗಳನ್ನು ಹಾಕಿ. ಎದೆಯ ತುಂಡು ಅರ್ಧ ಬೆಂದ ಮೇಲೆ ಬಂದರೆ ಸಾಕು, ಇಲ್ಲದಿದ್ದರೆ ಒಣಗುತ್ತದೆ. ಮುಚ್ಚಳದ ತಟ್ಟೆಯಲ್ಲಿ ನೀರು ನಿಲ್ಲಿಸಿ, ಮಾಂಸ ತನ್ನದೇ ನೀರು ಬಿಟ್ಟು ಅದರಲ್ಲೇ ಬೇಯಲಿ. ಅದು ಇಂಗಿದಾಗ ತಟ್ಟೆಯಲ್ಲಿ ಬಿಸಿಯಾದ ಆ ನೀರನ್ನೇ ಹಾಕಿ, ತಣ್ಣೀರು ಬೇಡವೇ ಬೇಡ. ಕುದಿ ಬಿಸಲೆಯ ಅಂಚಿನಲ್ಲಿ ಮಾತ್ರ ಕಾಣುವಷ್ಟು ಸಣ್ಣ ಉರಿ ಸಾಕು. ಬಲಿತ ಹುಂಜದ ಬಿಗಿ ನರಗಳು ಕರಗಿ ಸಾರಿಗೆ ಅಂಟು ಬರುವುದು ಇಂತಹ ನಿಧಾನದ ಉರಿಯಲ್ಲಿ. ಕೊತಕೊತ ಕುದಿಸಿದರೆ ಮಾಂಸ ಹಿಂಡಿದಂತಾಗಿ ನಾರಾಗುತ್ತದೆ. ಎರಡು ಗಂಟೆ ಹಿಡಿಯಲಿ, ಮೂರೇ ಹಿಡಿಯಲಿ, ಕಾಲಿನ ಮಾಂಸ ಮೂಳೆಯ ತುದಿಯಿಂದ ಹಿಂದೆ ಸರಿಯುವವರೆಗೆ ಇಳಿಸಬೇಡಿ. ಬೇಗ ಬೇಯಲಿ ಎಂದು ಗೆರಟೆಯ ತುಂಡು ಹಾಕುವವರಿದ್ದಾರೆ. ಹಾಕಿಕೊಳ್ಳಲಿ, ಆ ಗೆರಟೆಯನ್ನು ಯಾರ ಎಲೆಗೂ ಬಡಿಸದಿದ್ದರಾಯಿತು.

ಮಸಾಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ, ನಿಮ್ಮ ನಿಮ್ಮ ಮನೆಯ ಗಸಿಯ ಕ್ರಮವೇ ಇರಲಿ. ಒಳ್ಳೆಮೆಣಸು (ಕರಿಮೆಣಸು) ಮಾತ್ರ ಬ್ರಾಯ್ಲರಿಗೆ ಹಾಕುವುದಕ್ಕಿಂತ ಹೆಚ್ಚೇ ಇರಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆಯನ್ನು ಬೇರೆ ಬೇರೆಯಾಗಿ ಹುರಿಯಬೇಕು, ಒಟ್ಟಿಗೆ ಹಾಕಿದರೆ ಒಂದು ಹಸಿಯಾಗಿಯೇ ಇರುವಾಗ ಇನ್ನೊಂದು ಕರಟಿರುತ್ತದೆ. ಹುಳಿಯನ್ನು ಕಡೆದ ಮಸಾಲೆಯ ಜೊತೆಗೆ ಕೊನೆಯಲ್ಲಿ ಸೇರಿಸಿ, ಮೊದಲೇ ಬಿದ್ದರೆ ನೀರುಳ್ಳಿ ಕರಗುವುದಿಲ್ಲ. ತೆಳು ಕಾಯಿಹಾಲಿನಲ್ಲಿ ಮಸಾಲೆ ಕುದಿದ ನಂತರ ದಪ್ಪ ಹಾಲು ಹಾಕಿ, ಒಂದು ಕುದಿ ಏಳುವಾಗಲೇ ಇಳಿಸಿ. ಸುಟ್ಟ ಚರ್ಮದ ಪರಿಮಳ ಸಾರಿಗೆ ಇಳಿಯಲು ಒಂದರ್ಧ ಗಂಟೆ ಮುಚ್ಚಿಡಬೇಕು. ಇದರ ಜೊತೆಗಿನ ಗರಿಗರಿ ಅಕ್ಕಿರೊಟ್ಟಿಯನ್ನು ಮುರಿದು ಸಾರು ಸುರಿಯುವುದು ಉಣ್ಣುವವರು ಕುಳಿತ ಮೇಲೆ. ಮೊದಲೇ ಸುರಿದಿಟ್ಟ ರೊಟ್ಟಿ ಗಂಜಿಯಾಗುತ್ತದೆ.

ಬಿಸಲೆಯನ್ನು ಸೋಪಿನಲ್ಲಿ ತೊಳೆಯಬೇಡಿ, ಮಣ್ಣು ಅದನ್ನು ಹೀರಿಕೊಂಡು ಮುಂದಿನ ಮೀನುಸಾರಿಗೆ ಬಿಡುತ್ತದೆ. ತೆಂಗಿನ ನಾರು ಮತ್ತು ಬೂದಿ ಸಾಕು. ಎಲೆಯಲ್ಲಿ ಉಳಿದ ಮೂಳೆಗಳನ್ನು ನಾಯಿಗೆ ಹಾಕುವ ಅಭ್ಯಾಸವನ್ನೂ ಬಿಡಿ, ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಅದರ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ತೆಂಗಿನ ಬುಡದಲ್ಲಿ ನಾಯಿ ಕೆದಕದಷ್ಟು ಆಳದ ಹೊಂಡ ತೋಡಿ ಹೂತುಬಿಡಿ.